ಹಳೇ ಜೀಪ್ ಪಿಕಪ್ಪಿಗೆ ಯಾವ ಕ್ರೌನ್-ಪಿನಿಯನ್ ಹಾಕಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾಸರಗೋಡಿನ ಬದಿಯಡ್ಕದಲ್ಲಿ ಹಳೇ ಜೀಪ್ ಪಿಕಪ್ ಇದೆ. ಪೆಟ್ರೋಲ್ ಎಂಜಿನ್ ತೆಗೆದು ಪ್ಯೂಜೊ ಎಕ್ಸ್‌ಡಿಪಿ 4.90 ಡೀಸೆಲ್ ಕೂರಿಸಿದ್ದಾರೆ. ಗೇರ್‌ಬಾಕ್ಸ್ ಮಾತ್ರ ಮೊದಲಿನ ಮೂರು ಗೇರಿನದ್ದೇ. ಟಯರ್ 6.00-16. ಹೈವೇಯಲ್ಲಿ 70 ದಾಟಿದರೆ ಎಂಜಿನ್ ಅರಚುತ್ತದೆ, ಅದಕ್ಕೆ ಹಿಂದಿನ ಆಕ್ಸಲಿನ ಹೌಸಿಂಗಿಗೆ 3.73ರ ಕ್ರೌನ್-ಪಿನಿಯನ್ ಹಾಕಿಸಲಾ ಎಂದು ಕೇಳಿದ್ದೀರಿ. ಕ್ರೌನ್-ಪಿನಿಯನ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲುಚಕ್ರದ ಜೋಡಿ; 3.73 ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು.

3.73 ಬೇಡ. 4.27 ಹಾಕಿಸಿ. ನಾನು ಮುಳ್ಳೇರಿಯ ಕಡೆಯವನು, ನಮ್ಮ ಮನೆಯಲ್ಲೂ ಇದೇ ಜಾತಿಯ ಗಾಡಿ ಇದೆ, ಅದರಲ್ಲಿ ಈಗ 4.27 ಇದೆ. ಯಾಕೆ ಅದೇ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕ ಸುಲಭ, ನೀವೇ ಮಾಡಬಹುದು.

ಮೊದಲು ಟಯರ್ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಅಂತ ಅಳೆಯಿರಿ. ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಸರಿಯಾಗಿ ಒಂದು ಸುತ್ತು ಮುಂದೆ ತಳ್ಳಿ ಟೇಪ್ ಹಿಡಿಯಿರಿ. ನಿಮ್ಮ ಟಯರಿಗೆ 2.25 ಮೀಟರ್ ಆಸುಪಾಸು ಬರುತ್ತದೆ. 80 ಕಿ.ಮೀ. ವೇಗದಲ್ಲಿ ಗಾಡಿ ನಿಮಿಷಕ್ಕೆ 1333 ಮೀಟರ್ ಓಡುತ್ತದೆ. ಅಂದರೆ ಚಕ್ರ ಸುಮಾರು 593 ಸುತ್ತು. ಟಾಪ್ ಗೇರಿನಲ್ಲಿ ಗೇರ್‌ಬಾಕ್ಸ್ ನೇರ (ಎಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದು ಸುತ್ತು), ಹಾಗಾಗಿ ಇದನ್ನು ಕ್ರೌನ್ ರೇಶಿಯೋದಿಂದ ಗುಣಿಸಿದರೆ ಎಂಜಿನ್ ಸುತ್ತು ಸಿಗುತ್ತದೆ. ಈಗ ನಿಮ್ಮ ಗಾಡಿಯಲ್ಲಿ ಇರಬಹುದಾದ 5.38ಕ್ಕೆ 3190. 4.88ಕ್ಕೆ 2890. 4.27ಕ್ಕೆ 2530. 3.73ಕ್ಕೆ 2210.

ಹೈವೇ ಮಾತ್ರ ನೋಡಿದರೆ 3.73 ಚೆಂದ ಕಾಣುತ್ತದೆ, ಅಲ್ವಾ? ಆದರೆ ನೀವು ದಿನಾ ಓಡಿಸುವುದು ಎಲ್ಲಿ? ತಲಪಾಡಿಯಿಂದ ಚೆಂಗಳ ತನಕದ ಆರು ಪಥದ ರಸ್ತೆಯಲ್ಲಿ ಅಪರೂಪಕ್ಕೆ. ಉಳಿದದ್ದೆಲ್ಲ ಪೆರ್ಲ, ಅಡ್ಕಸ್ಥಳ, ಆದೂರು ಕಡೆಯ ತಿರುವು, ಚಡಾವು. ಅಲ್ಲಿ ವೇಗ 40. 40ರಲ್ಲಿ ಟಾಪ್ ಗೇರ್ ಹಾಕಿದರೆ 3.73ರಲ್ಲಿ ಎಂಜಿನ್ 1100ಕ್ಕೆ ಇಳಿಯುತ್ತದೆ. ಈ ಡೀಸೆಲ್ಲಿನ ಒಳ್ಳೆಯ ಎಳೆತ ಇರುವುದು 2000ದ ಹತ್ತಿರ. 1100ರಲ್ಲಿ ಆಕ್ಸಿಲರೇಟರ್ ತುಳಿದರೆ ಗಾಡಿ ಮುಂದೆ ಹೋಗುವುದಿಲ್ಲ, ಬರೀ ನಡುಗುತ್ತದೆ, ಹೊಗೆ ಬಿಡುತ್ತದೆ. ಇಡೀ ದಿನ ಸೆಕೆಂಡಿನಲ್ಲೇ ಓಡಿಸಬೇಕಾಗುತ್ತದೆ. ಹಾಗಾದರೆ ಖರ್ಚು ಮಾಡಿ ಏನು ಬಂತು?

ಅದಕ್ಕಿಂತ ದೊಡ್ಡ ತೊಂದರೆ ಫಸ್ಟ್ ಗೇರಿನದು. ನಿಮ್ಮ ಮೂರು ಗೇರಿನ ಡಬ್ಬ ಟಿ-90 ಆಗಿದ್ದರೆ ಅದರ ಫಸ್ಟ್ 2.8, ಸೆಕೆಂಡ್ 1.55. ಈಗ ಫಸ್ಟಿನಲ್ಲಿ ಒಟ್ಟು 2.8 × 5.38, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 15 ಸುತ್ತು. 4.27 ಹಾಕಿದರೆ ಅದು 12. 3.73 ಹಾಕಿದರೆ 10.4. ಅಡಿಕೆ ಮೂಟೆಯೋ ಮುರಕಲ್ಲೋ ಹೇರಿಕೊಂಡು ತೋಟದ ಮಣ್ಣು ರಸ್ತೆಯ ಚಡಾವಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. 15 ಇದ್ದಾಗ ಕ್ಲಚ್ ಬಿಟ್ಟರೆ ಸಾಕು, ಗಾಡಿ ತಾನೇ ಹೊರಡುತ್ತದೆ. 12ರಲ್ಲಿ ಸ್ವಲ್ಪ ಆಕ್ಸಿಲರೇಟರ್ ಬೇಕು. 10ಕ್ಕೆ ಬಂದರೆ ಅರ್ಧ ಕ್ಲಚ್ಚಿನಲ್ಲಿ ಹಿಡಿದುಕೊಂಡೇ ಹತ್ತಿಸಬೇಕು, ಮೇಲೆ ಮುಟ್ಟುವಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದಿರುತ್ತದೆ. ಈಗಿನ ಎಳೆತದಲ್ಲಿ 4.27ಕ್ಕೆ ಐದರಲ್ಲಿ ಒಂದು ಪಾಲು ಹೋಗುತ್ತದೆ, ಅದನ್ನು ಸಹಿಸಬಹುದು. 3.73ಕ್ಕೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲೇ ಹೋಗುತ್ತದೆ.

ಅಂತರ್ಜಾಲದಲ್ಲಿ ಹುಡುಕಿದರೆ ಹಳೇ ಶೆವರ್ಲೆ, ಫೋರ್ಡ್ ಪಿಕಪ್ಪಿಗೆ 3.08, 3.42, 3.73 ಎಂದೆಲ್ಲ ಸಲಹೆ ಸಿಗುತ್ತದೆ. ಅವರಿಗೆ ಅದು ಸರಿಯೇ. ಅಲ್ಲಿ ಐದು ಲೀಟರ್ ದಾಟಿದ ವಿ8 ಎಂಜಿನ್ ಇರುತ್ತದೆ, ರಸ್ತೆ ನೆಟ್ಟಗೆ ಇರುತ್ತದೆ. ನಿಮ್ಮದು 2112 ಸಿಸಿ. ಆ ಅಂಕೆಯನ್ನು ಹಾಗೆಯೇ ಇಲ್ಲಿಗೆ ತರಬೇಡಿ. ಇನ್ನೊಂದು ಮಾತು, ಡ್ರಮ್ ಬ್ರೇಕ್, ಲೀಫ್ ಸ್ಪ್ರಿಂಗ್ ಇರುವ ಈ ಗಾಡಿಗೆ 80 ಸಾಕು. 100ಕ್ಕೆ ಲೆಕ್ಕ ಹಾಕಿ ರೇಶಿಯೋ ಆರಿಸುವುದು ನನಗಂತೂ ಒಪ್ಪಿಗೆ ಇಲ್ಲ.

ಹೌಸಿಂಗ್ ಬಿಚ್ಚುವ ಮೊದಲು ಒಳಗೆ 5.38 ಇರುವುದು ಹೌದಾ ನೋಡಿ. ಹಳೇ ಗಾಡಿಗಳಲ್ಲಿ ಹಿಂದಿನವರು ಏನು ಬದಲಿಸಿದ್ದಾರೋ ಹೇಳಲಾಗದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜ್ಯಾಕ್‌ನಲ್ಲಿ ಎತ್ತಿ. ಗೇರ್ ನ್ಯೂಟ್ರಲ್. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಯಾಕೆಂದರೆ ಈ ಜೀಪುಗಳಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟಿಗೆ ಒಂದು ಗುರುತು ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಶಾಫ್ಟ್ ಐದು ಸುತ್ತು ಮುಗಿಸಿ ಮೂರನೇ ಒಂದು ಪಾಲು ದಾಟಿದರೆ 5.38. ಐದಕ್ಕೆ ಕೂದಲೆಳೆಯಷ್ಟು ಕಮ್ಮಿ ಬಂದರೆ 4.88. ನಾಲ್ಕೂಕಾಲು ಬಂದರೆ 4.27, ಆಗ ನೀವು ಏನೂ ಮಾಡಬೇಕಾಗಿಲ್ಲ. ಗುಜರಿಯಲ್ಲಿ ಕ್ರೌನ್ ಕೊಳ್ಳುವಾಗ ಹಲ್ಲೇ ಎಣಿಸಿ: 43ಕ್ಕೆ 8 ಇದ್ದರೆ 5.38, 39ಕ್ಕೆ 8 ಇದ್ದರೆ 4.88, 47ಕ್ಕೆ 11 ಇದ್ದರೆ 4.27, 41ಕ್ಕೆ 11 ಇದ್ದರೆ 3.73.

ನಿಮ್ಮ ಹೌಸಿಂಗ್ ಡಾನಾ 44 ಆದರೆ 4.27ಕ್ಕೆ ಇನ್ನೊಂದು ಅನುಕೂಲವಿದೆ. 3.92 ಮತ್ತು ಅದಕ್ಕಿಂತ ಮೇಲಿನ ರೇಶಿಯೋಗಳಿಗೆ ಒಂದು ಕ್ಯಾರಿಯರ್ (ಕ್ರೌನನ್ನು ಬೋಲ್ಟ್ ಹಾಕಿ ಕೂರಿಸುವ ಭಾಗ), 3.73 ಮತ್ತು ಕೆಳಗಿನವಕ್ಕೆ ಬೇರೆ ಕ್ಯಾರಿಯರ್. 5.38 ತೆಗೆದ ಜಾಗಕ್ಕೆ 4.27 ಅದೇ ಕ್ಯಾರಿಯರ್ ಮೇಲೆ ಕೂರುತ್ತದೆ. 3.73 ಆದರೆ ಕ್ಯಾರಿಯರನ್ನೂ ಹುಡುಕಿಕೊಂಡು ಅಲೆಯಬೇಕು.

ಗಾಡಿ ಫೋರ್ ವೀಲ್ ಡ್ರೈವ್ ಹೌದೋ ಅಲ್ಲವೋ ನೀವು ಬರೆದಿಲ್ಲ. ಹೌದಾದರೆ ಇದನ್ನು ಖಂಡಿತ ಮರೆಯಬೇಡಿ: ಮುಂದೆಯೂ ಹಿಂದೆಯೂ ಒಂದೇ ರೇಶಿಯೋ ಇರಬೇಕು. ಮುಂದೆ 5.38, ಹಿಂದೆ 4.27 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಎರಡೂ ಆಕ್ಸಲ್ ಒಂದಕ್ಕೊಂದು ಜಗ್ಗಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಮುಂದಿನದ್ದಕ್ಕೂ ಖರ್ಚು ಹಿಡಿದೇ ಬಜೆಟ್ ಮಾಡಿ. ಅಷ್ಟು ಕೈಗೂಡದಿದ್ದರೆ ಸದ್ಯಕ್ಕೆ 7.00-16 ಟಯರ್ ಹಾಕಿ. ಸುತ್ತಳತೆ ಐದಾರು ಪರ್ಸೆಂಟ್ ಜಾಸ್ತಿಯಾಗುತ್ತದೆ, ಎಂಜಿನ್ ಸುತ್ತು ಅಷ್ಟೇ ಇಳಿಯುತ್ತದೆ. ಆದರೆ ತಿರುಗಿಸುವಾಗ ಮಡ್‌ಗಾರ್ಡಿಗೆ ತಾಗದಂತೆ ನೋಡಿ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಕೊಳ್ಳಿ. ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ, ಎರಡರಲ್ಲೂ ಒಂದೇ ನಂಬರ್ ಇರಬೇಕು. ಒಂದು ಕಡೆಯ ಕ್ರೌನಿಗೆ ಇನ್ನೊಂದು ಕಡೆಯ ಪಿನಿಯನ್ ಸೇರಿಸಿದರೆ ಎಷ್ಟು ಶಿಮ್ (ಅಂತರ ಹೊಂದಿಸುವ ತೆಳು ತಗಡು) ಹಾಕಿದರೂ ಗುಂಯ್ ಅನ್ನುವುದು ನಿಲ್ಲುವುದಿಲ್ಲ. ಫಿಟ್ ಮಾಡುವವರು ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಪ್ಲೇ (ಸಡಿಲ) ನೋಡುತ್ತಾರಾ, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ನಡುವಿಗೆ ಬೀಳುತ್ತದಾ ಅಂತ ನೋಡುತ್ತಾರಾ, ಮೊದಲೇ ಕೇಳಿ. ಕೈಯಲ್ಲಿ ಅಲ್ಲಾಡಿಸಿ "ಸಾಕು" ಅನ್ನುವವರ ಹತ್ತಿರ ಸುಮ್ನೆ ದುಡ್ಡು ಹಾಕಬೇಡಿ. ಹೌಸಿಂಗಿಗೆ ಜಿಎಲ್-5 ಗೇರ್ ಆಯಿಲ್ ಹಾಕಿ. ಗೇರ್‌ಬಾಕ್ಸಿಗೆ ಅದು ಬೇಡ, ಜಿಎಲ್-4 ಹಾಕಿ. ಜಿಎಲ್-5 ಒಳಗಿನ ಹಿತ್ತಾಳೆ ರಿಂಗುಗಳನ್ನು ತಿನ್ನುತ್ತದೆ.

ಮೊದಲ ಓಟ ಬದಿಯಡ್ಕದಿಂದ ಚೆರ್ಕಳಕ್ಕೆ ಹೋಗಿ ಬಂದಷ್ಟೇ ಇರಲಿ, ಖಾಲಿ ಗಾಡಿಯಲ್ಲಿ. ಬಂದ ಮೇಲೆ ಪೂರ್ತಿ ತಣಿಯಲು ಬಿಡಿ. ಮೊದಲ 800 ಕಿ.ಮೀ. ಭಾರ ಹೇರಬೇಡಿ, ಆಮೇಲೆ ಆಯಿಲ್ ಬದಲಿಸಿ. ಸ್ಪೀಡೋಮೀಟರ್ ಕೇಬಲ್ ಬರುವುದು ಚಕ್ರದಿಂದಲ್ಲ, ಕ್ರೌನಿಗೆ ಮುಂಚೆಯೇ, ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನಿಂದ, ಹಾಗಾಗಿ ರೇಶಿಯೋ ಬದಲಾದ ಮೇಲೆ ಅದು ಕಮ್ಮಿ ತೋರಿಸುತ್ತದೆ. ಈಗ ಸರಿಯಾಗಿದೆ ಎಂದೇ ಇಟ್ಟುಕೊಂಡರೂ ನೀವು 80ರಲ್ಲಿ ಹೋಗುವಾಗ ಮುಳ್ಳು 64ರ ಹತ್ತಿರ ನಿಂತಿರುತ್ತದೆ. ಅದರ ಚಿಕ್ಕ ಗೇರ್ ಬದಲಿಸುವ ತನಕ ಮೊಬೈಲಿನ ಜಿಪಿಎಸ್ ನೋಡಿ ಓಡಿಸಿ.