ಮಂಗಳೂರಿನ ಹತ್ತಿರದ ಹೊಳೆಗಳಲ್ಲಿ ಕಾಡು ಮೀನು ಹುಡುಕಿ ಅಕ್ವೇರಿಯಂಗೆ ತರಬೇಕು. ಯಾವ ಜಾಗ ಒಳ್ಳೆಯದು, ಎಂಥ ಬಲೆ ಬೇಕು?

ಬಲೆ ಬೇಡ ಮಾರಾಯ್ರೇ. ಜಾಗದ ಹೆಸರು ನಾನಂತೂ ಹೇಳುವುದಿಲ್ಲ.

ಉದ್ದ ಕೋಲಿನ ಬಲೆ, ಬಕೆಟ್, ಗಮ್‌ಬೂಟ್ ಎಲ್ಲ ಕಟ್ಟಿಕೊಂಡು ನಾನೂ ಒಂದು ಕಾಲದಲ್ಲಿ ಉಪ್ಪಿನಂಗಡಿ ಬಸ್ಸು ಹತ್ತಿದವನೇ. ತಲೆಯಲ್ಲಿ ಇದ್ದದ್ದು ಒಂದೇ ಮೀನು, ಕೆನರಾ ಪರ್ಲ್‌ಸ್ಪಾಟ್. ಮೀನುಗಳ ಅಧ್ಯಯನ ಮಾಡಿದ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಡೇ 1877ರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಅಂತ ಹೆಸರಿಟ್ಟದ್ದು. ಹಿನ್ನೀರಿನಿಂದ ತಂದು ನಾವು ಫ್ರೈ ಮಾಡುತ್ತೇವಲ್ಲ, ಆ ಕರಿಮೀನಿನ ದಾಯಾದಿ. ಆದರೆ ಇದಕ್ಕೆ ಸಿಹಿನೀರೇ ಆಗಬೇಕು. ನೇತ್ರಾವತಿ, ಕುಮಾರಧಾರಾ ಸೀಮೆಯ ಮೀನು. ನಮ್ಮದೇ ಜಿಲ್ಲೆಯ ಹೆಸರು ಹೊತ್ತದ್ದನ್ನು ನಾವೇ ನೋಡದಿದ್ದರೆ ಹೇಗೆ, ಅಲ್ವಾ?

ಮಳೆ ಮುಗಿದು ನೀರು ತಿಳಿಯಾಗುವ ಹೊತ್ತು ಹೋದದ್ದು ಸರಿಯೇ ಇತ್ತು. ಅಡಿಕೆ ತೋಟದವರು ತೋಡಿಗೆ, ಅಂದ್ರೆ ಸಣ್ಣ ಹಳ್ಳಕ್ಕೆ, ನೀರು ನಿಲ್ಲಿಸಲಿಕ್ಕೆ ಅಡ್ಡ ಕಟ್ಟ ಹಾಕುವ ಸಮಯ. ಕೆಟ್ಟದ್ದು ನೀರಿಗೆ ಇಳಿದ ರೀತಿ. ಕಟ್ಟದ ಹತ್ತಿರ ಮೆಟ್ಟಿಲಿದೆ, ಸುಲಭ ಅಂತ ಅಲ್ಲಿಂದ ಇಳಿದು ನೀರು ಹರಿಯುವ ದಿಕ್ಕಿಗೇ ನಡೆಯುತ್ತಿದ್ದೆ. ಇದರಿಂದ ಎಂತ ಆಗುತ್ತದೆ ಅಂದ್ರೆ, ಒಂದೊಂದು ಹೆಜ್ಜೆಗೂ ಕೆಸರು ಏಳುತ್ತದೆ. ಆ ಕೆಸರು ನಮಗಿಂತ ಮುಂದೆ ಹರಿದು ಹೋಗಿ ಕೆಳಗಿನ ಗುಂಡಿಗೆ ಸುದ್ದಿ ಮುಟ್ಟಿಸುತ್ತದೆ. ಬೂಟಿಗೆ ಕಲ್ಲು ತಾಗಿ ಕಟಕಟ ಅನ್ನುವುದು ಬೇರೆ. ಬೆಳಿಗ್ಗೆ ಸೂರ್ಯ ಬೆನ್ನಿಗೆ, ಹಾಗಾಗಿ ನೆರಳೂ ಮುಂದೆಯೇ. ನಾನು ಗುಂಡಿ ಮುಟ್ಟುವಷ್ಟರಲ್ಲಿ ಮೀನೆಲ್ಲ ದಡದ ಬೇರಿನ ಸಂದಿಗೆ ಸೇರಿ ಆಗಿರುತ್ತಿತ್ತು. ನಾನು ಮಾತ್ರ ನಡುನೀರಲ್ಲಿ ಬಲೆ ಆಡಿಸುತ್ತಾ ಇಲ್ಲಿ ಮೀನೇ ಇಲ್ಲ ಅಂತ ತೀರ್ಮಾನ ಮಾಡಿ ಮುಂದಿನ ತೋಡಿಗೆ ಹೋಗುವುದು. ಅಲ್ಲಿಯೂ ಇದೇ ಕತೆ. ಆ ಚಳಿಗಾಲದ ಭಾನುವಾರಗಳೆಲ್ಲ ಹೀಗೇ ಹಾಳಾದವು.

ಕೊನೆಗೆ ತೋಟದ ಯಜಮಾನರೊಬ್ಬರು ಮೇಲಿಂದ ನೋಡಿ, "ನೀವು ಎಂತ ಎಮ್ಮೆ ಇಳಿದ ಹಾಗೆ ಇಳಿಯುದು? ಕೆಳಗಿಂದ ಬನ್ನಿ, ಸುಮ್ನೆ ಕೂತ್ಕೊಳ್ಳಿ" ಅಂದರು. ಬೂಟು ಬಿಚ್ಚಿದೆ. ಕೆಳಗಿಂದ ಹೋಗಿ, ಬಂಡೆಗೆ ಒರಗಿ, ಮಾಸ್ಕ್ ಹಾಕಿ ಮುಖ ನೀರಿಗಿಟ್ಟೆ. ಮೊದಲು ಬಂದದ್ದು ಬಾಲದ ಬುಡದಲ್ಲಿ ಕಪ್ಪು ಬೊಟ್ಟಿನ ಫಿಲಮೆಂಟ್ ಬಾರ್ಬ್‌ಗಳು. ಆಮೇಲೆ ಬಾಯಿಯ ಅಡಿಯ ಬಿಲ್ಲೆಯಿಂದ ಕಲ್ಲಿಗೆ ಅಂಟಿ ಕೂರುವ ಗಾರಾ ಮೀನು. ನನ್ನ ಕಾಲಬೆರಳನ್ನೂ ಕಲ್ಲು ಅಂದುಕೊಂಡು ಕುಕ್ಕಿತು. ತುಂಬಾ ಹೊತ್ತಿನ ನಂತರ ಬೇರಿನ ಕತ್ತಲೆಯಿಂದ ಅಂಗೈಯಷ್ಟೂ ಇಲ್ಲದ ಚಪ್ಪಟೆ ಮೀನೊಂದು ಹೊರಬಂತು. ಮೈಮೇಲೆ ಮೇಲಿಂದ ಕೆಳಗೆ ಕಪ್ಪು ಪಟ್ಟೆ, ನಡುವೆ ಮುತ್ತಿನಂಥ ಚುಕ್ಕೆ. ಎಲೆಯ ಕೆಳಗೆ ಒಮ್ಮೆ ಮೂತಿ ಹಾಕಿ ಹಾಗೇ ಹಿಂದಕ್ಕೆ ಹೋಯಿತು. ಅದೇ ನಾನು ಹುಡುಕುತ್ತಿದ್ದದ್ದು.

ಜಾಗ ಯಾಕೆ ಹೇಳುವುದಿಲ್ಲ ಅಂದ್ರೆ, ಇದು ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಅಕ್ವೇರಿಯಂ ವ್ಯಾಪಾರದವರಿಗೂ ಇದರ ಮೇಲೆ ಕಣ್ಣು. ಒಂದು ಗುಂಡಿಯ ಹೆಸರು ಇಲ್ಲಿ ಬರೆದರೆ ಸಾಕು, ನಾಳೆ ಬಲೆ ಸಮೇತ ಜನ ಹಾಜರು. ನೀವೂ ತರಬೇಡಿ. ಅಕ್ವೇರಿಯಂಗೆ ಸಾಕಿ ಬೆಳೆಸಿದ ಮೀನು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಸೋಮೇಶ್ವರ ಅಭಯಾರಣ್ಯದಂಥ ಕಡೆ ಅನುಮತಿ ಇಲ್ಲದೆ ಹೊಳೆಗೆ ಇಳಿಯುವ ಯೋಚನೆಯೂ ಬೇಡ. ದೊಡ್ಡ ಮೀನು ಹತ್ತಿರದಿಂದ ನೋಡುವ ಆಸೆ ಇದ್ದರೆ ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋಗಿ. ದೇವಸ್ಥಾನದ ಎದುರಿನ ಕಪಿಲಾ ಹೊಳೆಯಲ್ಲಿ ದೇವರ ಮೀನುಗಳು ಕಾಲ ಬುಡಕ್ಕೇ ಬರುತ್ತವೆ.

ಬಲೆಯ ದುಡ್ಡಲ್ಲಿ ಒಂದು ಈಜುವ ಮಾಸ್ಕ್ ತಗೊಳ್ಳಿ. ಅಂಗಡಿಯಲ್ಲೇ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರೆಳೆದು ನೋಡಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮುಖಕ್ಕೆ ಸರಿ. ಮೀಸೆ ಇದ್ದರೆ ಸ್ವಲ್ಪ ಸೋರುತ್ತದೆ, ಅದಕ್ಕೆ ಎಂತ ಮಾಡ್ಲಿಕ್ಕೂ ಆಗುವುದಿಲ್ಲ.