ಜೇಡ್ ಆನೆಯ ಕಾಲಸಂದು ಏಕೆ ಮಂಕು?

ಪ್ರಶ್ನೆ: ಹವ್ಯಾಸಕ್ಕೆಂದು ಜೇಡ್ ಕಲ್ಲಿನಲ್ಲಿ ಹೆಬ್ಬೆರಳುದ್ದದ ಆನೆಯೊಂದನ್ನು ಕೆತ್ತಿದ್ದೇನೆ. ಬೆನ್ನು ಹೊಳೆಯುತ್ತದೆ, ಆದರೆ ಕಾಲುಗಳ ಸಂದು ಎಷ್ಟು ಉಜ್ಜಿದರೂ ಮಂಕಾಗಿಯೇ ಇದೆ. ಏನು ಮಾಡಲಿ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ದೋಷವಿರುವುದು ಹೊಳಪು ಕೊಡುವ ಹಂತದಲ್ಲಲ್ಲ, ಅದಕ್ಕೂ ಮೊದಲು. ನಮ್ಮ ಸೋಮನಾಥಪುರದ ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 6ರಿಂದ 7ರಷ್ಟು ಗಡಸಾದ ಜೇಡ್ ಕಲ್ಲನ್ನಾದರೋ ವಜ್ರದ ಪುಡಿ ಲೇಪಿಸಿದ ಮೊನೆಯಿಂದ ಸವೆಸಿಯೇ ರೂಪಿಸಬೇಕಾಗುವುದರಿಂದ, ಆ ಮೊನೆಯ ಗೀರುಗಳು ಸಂದಿನಲ್ಲಿ ಉಳಿದುಬಿಡುತ್ತವೆ. ಬಿದಿರುಕಡ್ಡಿಯ ತುದಿಗೆ ವಾಟರ್ ಪೇಪರಿನ (ನೀರಿನಲ್ಲಿ ಬಳಸುವ ಉಜ್ಜುಕಾಗದದ) ಚೂರು ಸುತ್ತಿ, ನೀರು ಹಾಕುತ್ತ, 220ನೇ ಸಂಖ್ಯೆಯ ಒರಟು ಕಾಗದದಿಂದ ಮತ್ತೆ ಆರಂಭಿಸಿ, ಹೆಚ್ಚು ನಯವಾದ 400, 800, 1200ರವರೆಗೆ ಉಜ್ಜಿರಿ. ಒದ್ದೆ ಕಲ್ಲು ಗೀರನ್ನು ಮರೆಮಾಚುತ್ತದೆ (ಬಹುತೇಕರು ಮೋಸಹೋಗುವುದು ಇಲ್ಲಿಯೇ). ಆದ್ದರಿಂದ ಪ್ರತಿ ಹಂತದಲ್ಲೂ ಒರೆಸಿ, ಓರೆ ಬೆಳಕಿನಲ್ಲಿ ಪರೀಕ್ಷಿಸಿರಿ. ಕೊನೆಗೆ ತೊಗಲಿನ ತುಂಡಿಗೆ ವಜ್ರದ ಪೇಸ್ಟ್ ಹಚ್ಚಿ ತಿಕ್ಕಬೇಕು. ಒಣಗಿದ ಕಲ್ಲನ್ನು ಮಾತ್ರ ಉಜ್ಜಬೇಡಿರಿ, ಅದರ ದೂಳು ಶ್ವಾಸಕೋಶಕ್ಕೆ ಹಾನಿಕರ.