22 ಸೆಕೆಂಡಿನ ಒಂದು ತೂಗು

ಪ್ರಿಯರೇ,

ಬೀದರಿನಿಂದ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಮೊದಲ ಪುಟಗಳು ಬಹಳ ಹಿಡಿಸಿದವು. ಮಾಳಿಗೆಯ ಮೇಲೆ ತೊಗರಿ ಹರವುವ ಅಜ್ಜಿ, ಅಭ್ಯಾಸಕ್ಕೆ ಹೊರಟ ವಾಯುಪಡೆಯ ಸೂರ್ಯಕಿರಣ್ ವಿಮಾನಗಳು, ಅವು ಮರೆಯಾದ ಮೇಲೂ ಕತ್ತೆತ್ತಿಯೇ ನಿಂತ ಹುಡುಗಿ: ಇದನ್ನು ಬೀದರಿನಲ್ಲಿ ಬೆಳೆದವರೇ ಬರೆಯಬೇಕು. ಆದರೂ ಕಥೆಯನ್ನು ಹಿಂದಿರುಗಿಸುತ್ತಿದ್ದೇನೆ. ಕಾರಣ ಐದನೆಯ ಪುಟ.

ಮದುವೆ ಒಲ್ಲೆನೆಂದು ಮನೆ ಬಿಟ್ಟ ಆ ಹುಡುಗಿ ಅಲ್ಲಿ ಎರಡು ಆಸನದ ತರಬೇತಿ ವಿಮಾನ ನಡೆಸುತ್ತಿದ್ದಾಳೆ. ಗಾಳಿಯ ಹೊಡೆತಕ್ಕೆ ವಿಮಾನ ‘ಜ್ವರ ಬಂದಂತೆ ಗಡಗಡನೆ’ ಏರಿಳಿಯುತ್ತದೆ. ಮೇಲೇರಿದಾಗ ವೇಗ ಹೆಚ್ಚುತ್ತದೆ. ಅವಳು ಸ್ಟಿಕ್ (ಮೂತಿಯನ್ನು ಏರಿಸಿ ಇಳಿಸುವ ಹಿಡಿಕೆ) ಹಿಡಿದು ಎಳೆದಾಡಿ ಪಳಗಿಸುತ್ತಾಳೆ. ಮೂರೂ ತಪ್ಪು.

ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ತುದಿಯಲ್ಲಿ ಅರೆಕ್ಷಣ ನಿಂತಂತಾಗುತ್ತದೆ, ರಭಸವೆಲ್ಲ ಕೆಳಗೆ. ವಿಮಾನದ ಲೆಕ್ಕವೂ ಅದೇ. ಮೂತಿ ತಗ್ಗಿದರೆ ವೇಗ ಕೂಡುತ್ತದೆ, ರೆಕ್ಕೆಯ ಎತ್ತುವ ಬಲ ಹೆಚ್ಚಿ ಮೇಲೇಳುತ್ತದೆ, ಏರುತ್ತ ವೇಗ ಕಳೆದುಕೊಂಡು ಮತ್ತೆ ಬಾಗುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1908ರಲ್ಲಿ ತಮ್ಮ ಪುಸ್ತಕದಲ್ಲಿ ಇದನ್ನು ‘ಫ್ಯೂಗಾಯ್ಡ್’ ಎಂದು ಕರೆದರು. ಹಾರಾಟ ಎಂಬ ಅರ್ಥಕ್ಕೆಂದು ಅವರು ಆರಿಸಿದ ಗ್ರೀಕ್ ಮೂಲದ ನಿಜವಾದ ಅರ್ಥ ಪಲಾಯನ. ಮನೆ ಬಿಟ್ಟು ಬಂದ ನಿಮ್ಮ ನಾಯಕಿಗೆ ಈ ಪದ ಎಷ್ಟು ಹತ್ತಿರದ್ದು ನೋಡಿ!

ಇದರ ನಿಧಾನವನ್ನು ನೀವು ಹಿಡಿದೇ ಇಲ್ಲ. ಗಂಟೆಗೆ 180 ಕಿ.ಮೀ. ವೇಗದಲ್ಲಿ ಒಂದು ಏರಿಳಿತಕ್ಕೆ ಸುಮಾರು 22 ಸೆಕೆಂಡು ಬೇಕು. ನಿನ್ನೆ ಕಲಬುರಗಿಯ ನಮ್ಮ ಕಚೇರಿಯಲ್ಲಿ ಗಡಿಯಾರ ಮುಂದಿಟ್ಟುಕೊಂಡು ನಿಮ್ಮ ಆ ಪ್ಯಾರಾವನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿದರೂ ಒಂದು ತೂಗು ಮುಗಿದಿರಲಿಲ್ಲ. ಒಂದೆರಡು ಸೆಕೆಂಡಿನ ಚುರುಕು ತೊನೆತವೂ ಉಂಟು, ಆದರೆ ಬಾಲದ ರೆಕ್ಕೆ ಅದನ್ನು ಕೂಡಲೇ ಅಡಗಿಸುತ್ತದೆ.

ಥರ್ಮಾಕೋಲಿನ ಗ್ಲೈಡರ್ ಮಾಡಿ, ಮೂತಿಗೆ ಮೊಳೆ ಸಿಕ್ಕಿಸಿ ಮಾಳಿಗೆಯಿಂದ ಬಿಟ್ಟು ನೋಡಿ. ಭಾರ ಸಾಕಷ್ಟು ಮುಂದಿದ್ದರೆ ಅಲೆಯಲೆಯಾಗಿ ಇಳಿಯುತ್ತದೆ. ಮೊಳೆ ಕಿತ್ತು ಬಿಟ್ಟರೆ ಮೂತಿಯೆತ್ತಿ ಪಲ್ಟಿ ಹೊಡೆಯುತ್ತದೆ. ನಾನು ಹತ್ತಾರು ಸಲ ಬಿಟ್ಟಿದ್ದೇನೆ, ಬೇಸರವೇ ಬಂದಿಲ್ಲ.

ಇನ್ನು ಸ್ಟಿಕ್. ಸಮತೋಲಕ್ಕೆ ಹೊಂದಿಸಿಟ್ಟ ವಿಮಾನ, ಕೈ ಬಿಟ್ಟರೆ ಕೆಲವು ತೂಗುಗಳಲ್ಲಿ ತಾನೇ ತಣಿಯುತ್ತದೆ. ಹೊತ್ತು ತಪ್ಪಿ ಎಳೆದಾಡಿದರೆ ಏರಿಳಿತ ಬೆಳೆಯುತ್ತದೆ. ಆದ್ದರಿಂದ ಪಕ್ಕದ ತರಬೇತುದಾರ ‘ಕೈ ಬಿಡು’ ಎನ್ನಲಿ. ಮೂತಿ ನೆಲದತ್ತ ಬಾಗುತ್ತಿದೆ, ವೇಗದ ಮುಳ್ಳು ಏರುತ್ತಿದೆ, ಅವಳು ಏನೂ ಮಾಡುವಂತಿಲ್ಲ. ಆ ಹೊತ್ತಿನಲ್ಲಿ ಅವಳು ಕೈಗಳನ್ನು ಎಲ್ಲಿ ಇಟ್ಟುಕೊಳ್ಳುತ್ತಾಳೆ? ಆ ಪುಟವನ್ನು ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ